ಎರಡು ಬುಟ್ಟಿ ಮೆಣಸಿನಕಾಯಿಯ ಹೊತ್ತು

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಓಡಾಡುತ್ತ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಕಾಲೇಜಿನ ರೆಕಾರ್ಡು ಬರೆದು ಉಳಿದ ಸಂಜೆಯಲ್ಲಿ ಸಿಇಟಿಗೆ ನಾನೇ ತಯಾರಾಗಬೇಕಿತ್ತು. ಎಂಬತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆ. ನನಗೆಂದೂ ಹೊತ್ತು ಸಾಲುತ್ತಿರಲಿಲ್ಲ. ಮನೆಯಲ್ಲಿ ಗಡಿಯಾರವಿರಲಿಲ್ಲ. ಎಂಬತ್ತು ನಿಮಿಷದಲ್ಲಿ ಅವ್ವ ಎರಡು ಬುಟ್ಟಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆಂದು ಪಕ್ಕದ ಮನೆಯ ಗಡಿಯಾರ ನೋಡಿ ಗೊತ್ತುಮಾಡಿಕೊಂಡಿದ್ದೆ.

“ಪೆನ್ನು ಇಡವಾ, ಬುಟ್ಟಿ ಮುಗದ್ವು.”

“ಯವ್ವಾ, ಇನ್ನೂ ಹತ್ತು ಉಳದಾವು!”

“ನಿನ್ನ ಹತ್ತಕ್ಕ ನನ್ನ ಬುಟ್ಟಿ ಕಾಯ್ತಾವೇನು?”

ಹಾವೇರಿಯಲ್ಲಿ ಪರೀಕ್ಷೆಗೆ ಕೂತೆ. ಕಣ್ಣ ಮುಂದೆ ಅವ್ವನ ಬೆರಳುಗಳು ತೊಟ್ಟು ಬಿಡಿಸತೊಡಗಿದವು. ಅವುಗಳ ಜೊತೆಗೇ ಉತ್ತರ ಗುರುತಿಸುತ್ತ ಹೋದೆ. ಎರಡನೇ ಬುಟ್ಟಿ ಮುಗಿಯಿತು. ಅರವತ್ತನೆಯದನ್ನು ಗುರುತಿಸಿ ಪೆನ್ನು ಇಟ್ಟೆ. ಆಗ ಗಂಟೆ ಹೊಡೆಯಿತು. ಅಕ್ಷರ ಬಾರದ ಅವ್ವನ ಲೆಕ್ಕಕ್ಕೆ ಬೆರಗಾಗಿ ಏಳುವುದನ್ನೇ ಮರೆತೆ.