ಉಮ್ಮಮ್ಮ ನಿಲ್ಲಿಸಿದ ಬಾಹ್ಯಾಕಾಶ ಯುದ್ಧ

ಆಗೆಲ್ಲ ಬದಿಯಡ್ಕ ಪೇಟೆಯ ಹಿಂದಿನ ನಮ್ಮ ಓಣಿಯ ಮಕ್ಕಳಿಗೆ ಭಾನುವಾರ ಶುರುವಾಗುತ್ತಿದ್ದದ್ದೇ ಬೆಳಿಗ್ಗೆ ಹತ್ತು ಗಂಟೆಗೆ. ಟಿವಿಯಲ್ಲಿ ಬಾಹ್ಯಾಕಾಶ ನೌಕೆಯ ಧಾರಾವಾಹಿ ಬರುವ ಹೊತ್ತು ಅದು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಹೊರಟ ನೌಕೆ ನನ್ನ ಆರನೇ ಕ್ಲಾಸು ಮುಗಿದರೂ ಎಲ್ಲಿಗೂ ತಲುಪಿರಲಿಲ್ಲ. ಅಷ್ಟರಲ್ಲಿ ಮೂವರು ಕ್ಯಾಪ್ಟನ್‌ಗಳು ಬದಲಾಗಿದ್ದರು. ಮಾತೆಲ್ಲ ಹಿಂದಿ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು.

ಆ ವರ್ಷ ಬೇಸಗೆ ರಜೆ ಸಿಕ್ಕಿದ ವಾರವೇ ಕೇಬಲಿನಲ್ಲಿ ಆ ಚಾನೆಲ್ ನಿಂತುಹೋಯಿತು. ಅದೂ ನೌಕೆಯನ್ನು ಶತ್ರುಗಳು ಸುತ್ತುವರಿದಿದ್ದಾಗ! ನಾನು ಎರಡು ದಿನ ಮುಖ ಊದಿಸಿಕೊಂಡು ಕೂತೆ. ಮೂರನೆಯ ದಿನ ಪಕ್ಕದ ಮನೆಯ ಸಫಿಯಾ ಬಂದಳು. ಅವಳು ನನ್ನದೇ ಕ್ಲಾಸು.

"ಎಂತ ಮಾರಾಯ್ತಿ, ಅಳುವುದಾ? ಉಳಿದ ಕಥೆ ನಾವೇ ಮಾಡುವ. ನಮ್ಮಲ್ಲಿ ಟೇಪ್ ರೆಕಾರ್ಡರ್ ಉಂಟಲ್ಲ!"

ಟೇಪ್ ರೆಕಾರ್ಡರನ್ನು ಅವಳ ಅಪ್ಪ ದುಬಾಯಿಯಿಂದ ತಂದಿದ್ದರು. ಖಾಲಿ ಕ್ಯಾಸೆಟ್ ಒಂದೇ ಇತ್ತು. ನಾನು ಹನ್ನೊಂದು ಪುಟಗಳ ನಾಟಕ ಬರೆದೆ. ನಮ್ಮ ನಾಟಕದಲ್ಲಿ ಕ್ಯಾಪ್ಟನ್ ಹೆಣ್ಣು, ಅದು ಸಫಿಯಾ. ಶತ್ರುಗಳ ರಾಜ ನಾನು. ಮಿಕ್ಸಿ ತಿರುಗಿಸಿದರೆ ನೌಕೆಯ ಎಂಜಿನ್, ಸ್ಟೀಲ್ ತಟ್ಟೆಗೆ ಸಾಸಿವೆ ಸುರಿದರೆ ಉಲ್ಕಾಪಾತ. ಕುಕ್ಕರಿನ ಸೀಟಿ ಅಪಾಯದ ಗಂಟೆ. ಅದಕ್ಕಾಗಿ ಬೇಳೆ ಬೇಯುವವರೆಗೆ ಕಾಯಬೇಕಿತ್ತು.

ನೌಕೆಯ ಕಂಪ್ಯೂಟರಿಗೆ ಮಾತ್ರ ದೊಡ್ಡವರ ಸ್ವರ ಬೇಕಿತ್ತು. ಅಡುಗೆಮನೆಯಲ್ಲಿ ಪತ್ತಿರ್ ರೊಟ್ಟಿಗೆ ಅಕ್ಕಿಹಿಟ್ಟು ಕಲಸುತ್ತಿದ್ದ ಸಫಿಯಾಳ ಅಜ್ಜಿಯನ್ನು ಹಿಡಿದೆವು. ಅವರನ್ನು ಓಣಿಯವರೆಲ್ಲ ಉಮ್ಮಮ್ಮ ಎಂದೇ ಕರೆಯುತ್ತಿದ್ದರು. ಅವರಿಗೆ ನಾವು ಹುಡುಗಿಯರೆಲ್ಲ 'ಮೋಳೆ', ಅಂದರೆ ಮಗಳು. ಓದು ಬಾರದ ಅವರಿಗೆ ನಾನು ಒಂದೇ ಸಾಲನ್ನು ಹತ್ತು ಸಲ ಬಾಯಿಪಾಠ ಮಾಡಿಸಿದೆ: "ಎಚ್ಚರಿಕೆ, ಹನ್ನೆರಡು ಶತ್ರುಗಳು ಬರುತ್ತಿದ್ದಾರೆ."

ಕೆಂಪು ಗುಂಡಿ ಒತ್ತಿದೆವು. ಕುಕ್ಕರ್ ಸರಿಯಾದ ಹೊತ್ತಿಗೆ ಕೂಗಿತು. ಉಮ್ಮಮ್ಮ ಗಂಟಲು ಸರಿಮಾಡಿಕೊಂಡರು.

"ಹನ್ನೆರಡು ಜನ ಬರ್ತಾ ಇದ್ದಾರೆ ಮೋಳೆ. ಅವರದ್ದು ಊಟ ಆಗಿದೆಯಾ?"

ನಾನು ಕೈಸನ್ನೆ ಮಾಡಿ ಸಾಯುತ್ತಿದ್ದೆ. ಆದರೆ ಸಫಿಯಾ ಕ್ಯಾಪ್ಟನ್ ಗತ್ತಿನಲ್ಲೇ ಉತ್ತರಿಸಿದಳು: "ಆಗಿಲ್ಲ ಉಮ್ಮಮ್ಮ. ದೂರದಿಂದ ಬರುವುದು."

"ಹಾಗಾದ್ರೆ ಮೊದಲು ಕೂರಿಸಿ. ಯುದ್ಧ ಎಲ್ಲ ಆಮೇಲೆ ಮಾಡಿದ್ರೆ ಸಾಕು."

ನನ್ನ ಹನ್ನೊಂದು ಪುಟಗಳಲ್ಲಿ ಒಂಬತ್ತು ಪುಟ ಯುದ್ಧವೇ ಇತ್ತು. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. "ಇದನ್ನು ಅಳಿಸಿ ಮತ್ತೆ ಮಾಡುವ" ಎಂದೆ. "ಅಳಿಸಿದರೆ ನಾನು ನಾಟಕದಲ್ಲಿಲ್ಲ" ಎಂದಳು ಸಫಿಯಾ. ಭಾನುವಾರ ನಾಟಕ ಕೇಳಿಸುತ್ತೇವೆಂದು ಓಣಿಗೆಲ್ಲ ಹೇಳಿಯಾಗಿತ್ತು. ನಾವಿಬ್ಬರೂ ಮಾತು ಬಿಟ್ಟೆವು.

ಶನಿವಾರ ಸಫಿಯಾ ತಾಯಿಯೊಡನೆ ಟೈಲರ್ ಅಂಗಡಿಗೆ ಹೋದದ್ದನ್ನು ನೋಡಿಕೊಂಡು ನಾನು ಅವರ ಮನೆಗೆ ನುಗ್ಗಿದೆ. ಕ್ಯಾಸೆಟ್ಟನ್ನು ಉಮ್ಮಮ್ಮನ ಮಾತು ಶುರುವಾಗುವಲ್ಲಿಗೆ ತಂದು, ಕೆಂಪು ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಹಿಂದೆ ಉಮ್ಮಮ್ಮ ನಿಂತಿದ್ದರು.

"ಶುಭಾ, ನಾನು ಮಾತಾಡಿದ್ದು ಅದರಲ್ಲಿ ಉಂಟಾ? ಸ್ವಲ್ಪ ಹಾಕು. ದುಬಾಯಿಗೆ ಕಾಗದದ ಬದಲು ಎಷ್ಟೋ ಕ್ಯಾಸೆಟ್ ಮಾತಾಡಿ ಕಳಿಸಿದ್ದೇನೆ. ನನ್ನ ಸ್ವರ ನಾನೇ ಕೇಳಿದ್ದಿಲ್ಲ."

ನಾಚಿಕೆಯಿಂದ ಬೆರಳು ಸರಿಸಿ, ಕ್ಯಾಸೆಟ್ ಹಾಕಿದೆ. ಅವರು ನೆಲದಲ್ಲಿ ಕೂತು, ತಲೆಗೆ ಹೊದ್ದ ತಟ್ಟದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ಮೊದಲು ನಕ್ಕರು. ಆಮೇಲೆ ಟೇಪ್ ರೆಕಾರ್ಡರಿಗೆ ಕಿವಿ ಹತ್ತಿರ ತಂದರು.

"ಇನ್ನೊಮ್ಮೆ ಹಾಕು ಮೋಳೆ."

ಹಾಕಿದೆ.

"ಇದು ನನ್ನ ಹೆತ್ತ ಉಮ್ಮನ ಸ್ವರ. ಸರಿಯಾಗಿ ಅವರದ್ದೇ. ಅವರು ತೀರಿಹೋಗುವಾಗ ನನಗೆ ನಿನ್ನಷ್ಟೇ ಪ್ರಾಯ."

ಅದನ್ನು ಅಳಿಸುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಸಫಿಯಾಳ ಬಳಿ ಹೋಗಿ, "ಹಾಗೇ ಇರಲಿ" ಎಂದೆ. ಅವಳು ಪೆನ್ಸಿಲ್ ತಂದಳು. ಇಬ್ಬರೂ ಕೂತು ಉಳಿದ ಕಥೆಯನ್ನು ಹೊಸದಾಗಿ ಬರೆದೆವು: ಶತ್ರುಗಳು ಕೈ ತೊಳೆದು ಊಟಕ್ಕೆ ಕೂತರು, ರಾಜನಿಗೆ ಖಾರ ಹತ್ತಿತು.

ಭಾನುವಾರ ಅವರ ಜಗಲಿಯಲ್ಲಿ ಹದಿನೈದು ಮಕ್ಕಳು ಟೇಪ್ ರೆಕಾರ್ಡರಿಗೆ ತಲೆ ತಾಗಿಸಿ ಕೂತಿದ್ದರು. "ಅವರದ್ದು ಊಟ ಆಗಿದೆಯಾ?" ಎಂದದ್ದೇ ತಡ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬಾಗಿಲ ಹಿಂದೆ ನಿಂತಿದ್ದ ಉಮ್ಮಮ್ಮನನ್ನು ಎಳೆದು ತಂದು ನಡುವೆ ಕೂರಿಸಿದರು. ಶಾಲೆ ಶುರುವಾಗುವವರೆಗೆ ಇನ್ನೂ ನಾಲ್ಕು ಕಂತು ಮಾಡಿದೆವು. ಒಂದರಲ್ಲೂ ಯುದ್ಧವಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಉಮ್ಮಮ್ಮ ತೀರಿಕೊಂಡರು. ಕ್ಯಾಸೆಟ್ಟಿನ ರೀಲು ಅದಕ್ಕೂ ಮೊದಲೇ ಸಿಕ್ಕಿಕೊಂಡು ತುಂಡಾಗಿತ್ತು. ಸಫಿಯಾ ಶಾರ್ಜಾದಲ್ಲಿದ್ದಾಳೆ. ಮೊನ್ನೆ ಅವಳೇ ಕಳಿಸಿದಳು, ಆ ಹಳೆಯ ಧಾರಾವಾಹಿಯನ್ನು ಯಾರೋ ಹೊಸದಾಗಿ ಕಲ್ಪಿಸಿಕೊಂಡು ಮಾಡಿದ ಧ್ವನಿನಾಟಕವನ್ನು. ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದೆ. ಎಂಥ ಸ್ಫೋಟಗಳು, ಎಂಥ ಪಳಗಿದ ಸ್ವರಗಳು! ಒಂದು ಕಡೆ ನೌಕೆಯ ಕಂಪ್ಯೂಟರ್ ಶತ್ರುಗಳು ಬರುತ್ತಿದ್ದಾರೆಂದು ಎಚ್ಚರಿಸಿದಾಗ ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಸೀಟಿನ ಹುಡುಗಿ ತನ್ನ ಇಯರ್‌ಫೋನ್ ತೆಗೆದು, "ಎಂತ ಅಕ್ಕ?" ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಇಳಿಯುವ ಸ್ಟಾಪು ಬಂತು.