ಆಮೆಗೊಂದು ಅನುಮತಿ ಪತ್ರ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಕಡಲಿನ ಚಿತ್ರದ ಕಾರ್ಡನ್ನು ನಾವೇ ಮಾಡುವುದು ರೂಢಿ. ಅದರಲ್ಲಿ ಆಮೆ ಬರೆಯುತ್ತಿದ್ದ ನಮ್ಮವರು ಈ ವರ್ಷ ಇಲ್ಲ. ನನಗೆ ಚಿತ್ರ ಬಾರದು. ಅವರ ಹಳೆಯ ಆಮೆಯನ್ನೇ ರಬ್ಬರ್ ಸ್ಟ್ಯಾಂಪ್ ಮಾಡಿಸಲು ಫೋರ್ಟ್ ಪೇಟೆಯ ಸ್ಟ್ಯಾಂಪ್ ಅಂಗಡಿಗೆ ಹೋದೆ.

ಅಂಗಡಿಯಲ್ಲಿದ್ದ ವಿಜಾಪುರದವರು ಚಿತ್ರ ನೋಡಿ, "ಅಕ್ಕಾರ, ಗೋಲ ಶಿಕ್ಕಾಕ್ಕ ಆಫೀಸಿನ ಲೆಟರ್ ಬೇಕ್ರಿ," ಎಂದರು. ದುಂಡು ಮೊಹರೆಂದರೆ ಕಚೇರಿಯದೇ ಎಂಬುದು ಅವರ ಲೆಕ್ಕ.

"ಇದು ಆಮೆ, ಅಣ್ಣಾ!"

"ಆಮಿ ಖರೇನ. ಆದ್ರ ಗೋಲ ಐತಲ್ರಿ!"

ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟೆ: 'ಈ ಆಮೆಯ ಸ್ಟ್ಯಾಂಪ್ ಮಾಡಲು ಸಮುದ್ರದ ಪರವಾಗಿ ಅನುಮತಿ ಕೊಟ್ಟಿದ್ದೇನೆ.' ಕೆಳಗೆ ಸಹಿ, 'ಶಾಲಾ ಶಿಕ್ಷಕಿ'.

ಅವರು ಗಂಭೀರವಾಗಿ ಓದಿದರು. "ತಾರೀಖ ಹಾಕಿಲ್ರಿ, ಟೀಚರ್."

ತಾರೀಕು ಮರೆತ ಮಕ್ಕಳಿಗೆ ಅರ್ಧ ಅಂಕ ಕಳೆಯುವವಳು ನಾನು, ತಲೆತಗ್ಗಿಸಿ ಹಾಕಿದೆ. ಸಂಜೆ ಕಾರ್ಡಿನ ನೀಲಿ ಶಾಯಿಯ ಅಲೆಗಳಲ್ಲಿ ನಮ್ಮವರ ಆಮೆ ಈಜುತ್ತಿತ್ತು, ಸಂಪೂರ್ಣ ಕಾನೂನುಬದ್ಧವಾಗಿ.