ಗಾಜಿಗೂ ಅಮ್ಮನಿಗೂ ನಡುವೆ

ಹೊನ್ನಾವರದ ಬಸ್‌ ನಿಲ್ದಾಣದ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ಮಾಮನ ಹೆಬ್ಬೆರಳುಗಳ ತುಂಬ ಗಾಜು ಗೀರಿದ ಬಿಳಿ ಗೆರೆಗಳು. ಗಾಜನ್ನು ಅಂಚಿನಲ್ಲೇ ಹಿಡಿಯುತ್ತಿದ್ದರು. ಫೋಟೋಗೂ ಗಾಜಿಗೂ ನಡುವೆ ನಾಲ್ಕೂ ಬದಿ ರಟ್ಟಿನ ತೆಳು ಪಟ್ಟಿ ಇಡದೆ ಕಟ್ಟು ಮುಚ್ಚಿದವರಲ್ಲ. "ನಮ್ಮ ಕಡಲ ಗಾಳಿಗೆ ಎಲ್ಲಾ ಅಂಟ್ಕಳ್ತದೆ ಮಗಾ, ಚೂರು ಜಾಗ ಬಿಡೂಕೆ ಬೇಕು" ಎನ್ನುತ್ತಿದ್ದರು.

ನಾನು ಮಹಾ ಜಾಣೆ. ಅಮ್ಮ ತೀರಿಕೊಂಡಾಗ ಅವಳ ಇದ್ದೊಂದೇ ಫೋಟೋವನ್ನು ಹಳದೀಪುರದ ಮನೆಯಲ್ಲಿ ನಾನೇ ಗಾಜಿಗೆ ಒತ್ತಿ ಕಟ್ಟು ಹಾಕಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಗಾಜಿಗೆ ಅಂಟಿಬಿಟ್ಟಿತ್ತು. ಅಳುತ್ತಲೇ ಮಾಮನ ಅಂಗಡಿಗೆ ಒಯ್ದೆ.

"ಎಂತ ಮಾಡಿದ್ಯೇ ಇದು? ಎಳೀಬೇಡ. ನೀರು ಒಳಗೆ ಹೋಗ್ಲಿ, ಅದೇ ಬಿಡಸ್ತದೆ" ಎಂದು ನೀರಿನ ತಟ್ಟೆಯಲ್ಲಿ ಮುಳುಗಿಸಿದರು. ಮಧ್ಯಾಹ್ನವಿಡೀ ಕಾದೆವು. ಫೋಟೋ ಬಿಟ್ಟಿತು, ಆದರೆ ಎಡಗೆನ್ನೆಯ ಚೂರೊಂದು ಗಾಜಿನಲ್ಲೇ ಉಳಿಯಿತು. ಮಾಮ ಅದನ್ನು ಕೆರೆಯಲಿಲ್ಲ. ಒಣಗಿಸಿ, ರಟ್ಟಿನ ಪಟ್ಟಿಯಿಟ್ಟು, ಅದೇ ಗಾಜನ್ನು ಮುಖಕ್ಕೆ ಸರಿಯಾಗಿ ಕೂರಿಸಿದರು. ಎದುರು ನಿಂತರೆ ಅಮ್ಮ ಪೂರ್ತಿ ಕಾಣುತ್ತಾಳೆ. ಪಕ್ಕಕ್ಕೆ ಸರಿದರೆ ಕೆನ್ನೆ ತುಸು ಮುಂದೆ ತೇಲುತ್ತದೆ.

ಈಗ ಕುಮಟಾದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಒಮ್ಮೆ ಅಂಗಡಿಗೆ ಹೋದಾಗ ಮಾಮನಿಗೆ ಹೇಳಿದೆ: ಗಾಳಿಯೂ ಇಲ್ಲದ ಬರಿದು ಜಾಗದಲ್ಲಿ ಕೂಡ ತೀರಾ ಹತ್ತಿರ ಬಂದ ಎರಡು ವಸ್ತುಗಳ ಮೈಗಳು ಒಂದನ್ನೊಂದು ಎಳೆಯುತ್ತವೆ. ಅದು ಕ್ವಾಂಟಂ ಬಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರಗಳ ಭಾಗಗಳು ಹಾಗೆ ಅಂಟಿಕೊಂಡು ನಿಂತುಹೋಗುತ್ತವೆ. ಆದರೆ ಒಂದು ಮೈ ಚಿನ್ನದ್ದು, ಇನ್ನೊಂದು ಗಾಜಿನದ್ದಾಗಿ, ನಡುವೆ ತಕ್ಕ ದ್ರವ ತುಂಬಿದರೆ ಅದೇ ಬಲ ಅವನ್ನು ದೂರ ತಳ್ಳುತ್ತದೆ. ಮುಂದೊಂದು ದಿನ ಅಂಥ ಯಂತ್ರಗಳ ಚಕ್ರಗಳು ಎಲ್ಲೂ ತಾಗದೆ, ಸವೆಯದೆ ತಿರುಗಬಹುದು.

ಮಾಮ ಗಾಜು ಒರೆಸುವುದನ್ನು ನಿಲ್ಲಿಸಿದರು. "ನನ್ನ ಫೋಟೋಗಳಿಗೆ ಆಗ್ತದ್ಯ ಅದು?"

"ಇಲ್ಲ ಮಾಮ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಂದಿ ಇದ್ದರೆ ಮಾತ್ರ."

"ಆತು, ಹಾಗಾರೆ ನಂಗೆ ರಟ್ಟೇ ಸೈ" ಎಂದು ನಕ್ಕರು. ಶರಾವತಿಯ ಕಡೆಯಿಂದ ಗಾಳಿ ಬರುತ್ತಿತ್ತು. ಗೋಡೆಯ ಮೇಲಿನ ಮುಖಗಳೆಲ್ಲ ಗಾಜಿನ ಹಿಂದೆ ಮೆಲ್ಲಗೆ ತೇಲುತ್ತಿವೆ ಅನ್ನಿಸಿತು. ಮಾಮನೂ ಅವನ್ನೇ ನೋಡುತ್ತಿದ್ದರು. "ತಾಗದೇ ಹತ್ರ ಇರೂಕೂ ಒಂದು ಬಲ ಬೇಕು, ಅಲ್ದಾ?" ಎಂದರು.

ಕಳೆದ ಮಳೆಗಾಲದಲ್ಲಿ ಮಾಮ ಹೋದರು. ಅವರ ಹೆಂಡತಿ ಅವರದೊಂದು ಫೋಟೋ ತಂದು ನನ್ನ ಕೈಗಿಟ್ಟರು. "ನೀನೇ ಕಟ್ಟು ಹಾಕು ಮಗಾ. ಬೇರೆಯವ್ರು ರಟ್ಟು ಇಡ್ತಾರೋ ಇಲ್ವೋ."

ನಾಲ್ಕೂ ಬದಿಗೆ ಪಟ್ಟಿ ಕತ್ತರಿಸಿಟ್ಟೆ. ಗಾಜನ್ನು ಅಂಚಿನಲ್ಲೇ ಹಿಡಿದೆ. ಇನ್ನು ಮುಚ್ಚಬೇಕು ಎನ್ನುವಾಗ ಅದನ್ನು ಪಕ್ಕಕ್ಕಿಟ್ಟು, ಕೊನೆಯ ಸಲಕ್ಕೆಂದು ಮಾಮನ ಕೆನ್ನೆ ಮುಟ್ಟಿದೆ.